ಫೋನ್ ನಂಬರಿಗೂ ದುಡ್ಡು ಕೊಡಬೇಕೆ?

‘500 ಕಂಪನಿಗಳ ಎಚ್‌ಆರ್ ನಂಬರ್, ಕೇವಲ 199 ರೂಪಾಯಿಗೆ!’ ಇಂಥದ್ದೊಂದು ಜಾಹೀರಾತು ನಿಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇಂಟರ್ನ್‌ಶಿಪ್ ಹುಡುಕುವ ಕಾಲ ಹತ್ತಿರವಾದರೆ ಸಾಕು, ಮಳೆ ಬಿದ್ದ ಮಾರನೇ ದಿನ ಅಣಬೆ ಏಳುವ ಹಾಗೆ ಇವು ಏಳುತ್ತವೆ. ಕೆಳಗೊಂದು ಕ್ಯೂಆರ್ ಕೋಡ್, ಪಕ್ಕದಲ್ಲೊಂದು ‘ಇಂದೇ ಕೊನೆ ದಿನ’ ಎಂಬ ಬೆದರಿಕೆ. ಆ ಕೊನೆಯ ದಿನ ಮಾತ್ರ ಎಂದೂ ಮುಗಿಯುವುದಿಲ್ಲ.

ನಾನು ಮೆಕ್ಯಾನಿಕಲ್ ಬಿ.ಇ. ವಿದ್ಯಾರ್ಥಿ, ದಾವಣಗೆರೆಯವನು. ವಿಟಿಯು ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಬೆಂಗಳೂರಿನ ದೊಡ್ಡ ಕಾಲೇಜಿನವರಿಗೆ ಕಂಪನಿಗಳೇ ಬಾಗಿಲಿಗೆ ಬರುತ್ತವೆ. ಜಿಲ್ಲೆಗಳ ಸಾಧಾರಣ ಕಾಲೇಜಿನ ನಾವು ಕಂಪನಿಯ ಬಾಗಿಲು ಎಲ್ಲಿದೆ ಎಂದು ಹುಡುಕಬೇಕು. ಆ ಬಾಗಿಲಿನ ಕರೆಗಂಟೆಯೇ ಫೋನ್ ನಂಬರ್. ಅದನ್ನೇ ಯಾರೋ ಒಬ್ಬ ಪಿಡಿಎಫ್ ಮಾಡಿ ಮಾರುತ್ತಾನೆ ಎಂದರೆ, ಅವನು ನಮ್ಮ ಅಜ್ಞಾನಕ್ಕೆ ಬೆಲೆ ಕಟ್ಟಿದ್ದಾನೆ ಎಂದೇ ಅರ್ಥ. ನನ್ನ ವಾದ ಇಷ್ಟೇ: ಒಂದು ವ್ಯಾಪಾರ ಸಂಸ್ಥೆಯ ಫೋನ್ ನಂಬರ್ ಸಾರ್ವಜನಿಕ ಮಾಹಿತಿ. ಅದಕ್ಕೆ ಯಾರೂ ಒಂದು ಪೈಸೆ ಕೊಡಬೇಕಾಗಿಲ್ಲ. ಅದನ್ನು ನಾವಾಗಿಯೇ ಹುಡುಕಲು ಕಲಿಯದಿದ್ದರೆ 199 ರೂಪಾಯಿಗಿಂತ ದೊಡ್ಡ ಮೊತ್ತವನ್ನೇ ಕಳೆದುಕೊಳ್ಳುವ ಕಾಲ ಇದು.

ಡೈರೆಕ್ಟರಿ ಹೋಯಿತು, ದಲ್ಲಾಳಿ ಬಂದ

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಟೆಲಿಫೋನ್ ಡೈರೆಕ್ಟರಿಯೊಂದಿದೆ. ದಿಂಬಿನಷ್ಟು ದಪ್ಪ, ಇರುವೆಯಷ್ಟು ಸಣ್ಣ ಅಕ್ಷರ. ಲ್ಯಾಂಡ್‌ಲೈನ್ ಇದ್ದ ಮನೆಗೆ ಇಲಾಖೆಯೇ ಅದನ್ನು ಕೊಡುತ್ತಿತ್ತಂತೆ. ಪುಸ್ತಕದಲ್ಲಿ ಸಿಗದಿದ್ದರೆ 197ಕ್ಕೆ ಫೋನ್ ಮಾಡಿದರಾಯಿತು. ಆ ಕಡೆ ಒಬ್ಬರು ಹೆಸರು, ಊರು ಕೇಳಿ ನಂಬರ್ ಓದಿ ಹೇಳುತ್ತಿದ್ದರು. ನನ್ನ ವಯಸ್ಸಿನ ಹತ್ತು ಜನರನ್ನು ನಿಲ್ಲಿಸಿ 197 ಅಂದರೇನು ಎಂದು ಕೇಳಿ ನೋಡಿ. ಬಸ್ಸಿನ ರೂಟ್ ನಂಬರಾ ಎಂದು ತಿರುಗಿ ಕೇಳುತ್ತಾರೆ.

ಮೊಬೈಲ್ ಬಂದಮೇಲೆ ಆ ವ್ಯವಸ್ಥೆ ಸದ್ದಿಲ್ಲದೆ ಮೂಲೆ ಸೇರಿತು. ಮೊಬೈಲ್ ನಂಬರುಗಳು ಆ ಪುಸ್ತಕದೊಳಗೆ ಬರಲೇ ಇಲ್ಲ. ಸಣ್ಣಪುಟ್ಟ ಅಂಗಡಿ, ವರ್ಕ್‌ಶಾಪಿನವರೆಲ್ಲ ಲ್ಯಾಂಡ್‌ಲೈನ್ ಬಿಟ್ಟು ಮೊಬೈಲ್ ಹಿಡಿದರು. ಹೀಗೆ ಎಲ್ಲರಿಗೂ ಸೇರಿದ್ದ ಒಂದು ಪಟ್ಟಿ ಇಲ್ಲವಾದ ಜಾಗಕ್ಕೆ ಖಾಸಗಿ ಪಟ್ಟಿಗಳು ಬಂದವು. ಅವುಗಳಲ್ಲಿ ಹುಡುಕುವುದು ನಮಗೆ ಉಚಿತ, ನಿಜ. ಆದರೆ ದುಡ್ಡು ಕೊಟ್ಟ ಅಂಗಡಿ ಮೇಲೆ, ಕೊಡದ ಅಂಗಡಿ ಕೆಳಗೆ. ಕೆಲವು ಕಡೆ ನಂಬರ್ ನೋಡಬೇಕಾದರೆ ಮೊದಲು ನಮ್ಮ ನಂಬರ್ ಕೊಡಬೇಕು. ಒಬ್ಬ ಪ್ಲಂಬರ್ ಬೇಕು ಎಂದು ಹಾಕಿದರೆ ಐದು ನಿಮಿಷದಲ್ಲಿ ಆರು ಜನ ಫೋನ್ ಮಾಡುತ್ತಾರೆ. ಕಾಸು ಕೊಡಲಿಲ್ಲ ಎಂದು ನಾವು ಖುಷಿಪಡುತ್ತೇವೆ. ನಮ್ಮ ನಂಬರೇ ಕಾಸಾಯಿತು ಎಂಬುದು ಗೊತ್ತಾಗುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ 192 ಎಂಬ ಹಳೆಯ ವಿಚಾರಣಾ ಸೇವೆಯನ್ನು 2003ರಲ್ಲಿ ನಿಲ್ಲಿಸಿ, 118ರಿಂದ ಶುರುವಾಗುವ ಖಾಸಗಿ ಸೇವೆಗಳಿಗೆ ಅವಕಾಶ ಕೊಟ್ಟರು. ಪೈಪೋಟಿಯಿಂದ ದರ ಇಳಿಯಬೇಕಿತ್ತು. ಆದದ್ದು ಉಲ್ಟಾ. ಕೊನೆಗೆ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2019ರಲ್ಲಿ ಮಧ್ಯೆ ಬಂದು, 90 ಸೆಕೆಂಡಿಗೆ 3.65 ಪೌಂಡ್ ಮೀರುವಂತಿಲ್ಲ ಎಂದು ಮಿತಿ ಹಾಕಬೇಕಾಯಿತು. ಮಿತಿ ಹಾಕಿದ ಮೇಲೂ ಒಂದು ನಂಬರಿಗೆ ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಗೂ ಹೆಚ್ಚು. ಎಲ್ಲಿ ಸಾರ್ವಜನಿಕ ಪಟ್ಟಿ ಮಾಯವಾಗುತ್ತದೋ ಅಲ್ಲಿ ದಲ್ಲಾಳಿ ಹುಟ್ಟುತ್ತಾನೆ. ಅಲ್ಲಿ ಕಾಲ್ ಸೆಂಟರ್, ಇಲ್ಲಿ ಟೆಲಿಗ್ರಾಂ ಚಾನೆಲ್.

ಸುಳ್ಳು ನಂಬರಿನ ಬೆಲೆ

ದಲ್ಲಾಳಿಗೆ ದುಡ್ಡು ಹೋಗುವುದು ಚಿಕ್ಕ ನಷ್ಟ. ದೊಡ್ಡ ನಷ್ಟ ಆಗುವುದು ಸುಳ್ಳು ನಂಬರ್ ಸಿಕ್ಕಾಗ. ನಮ್ಮ ಬೀದಿಯಲ್ಲಿ ಹೊಲಿಗೆ ಮಾಡುವ ಅಕ್ಕ ಒಬ್ಬರಿದ್ದಾರೆ. ಕಳೆದ ವರ್ಷ ಆನ್‌ಲೈನಿನಲ್ಲಿ ತರಿಸಿದ್ದ ಮಿಕ್ಸಿ ಕೆಟ್ಟಿತ್ತು. ಕಂಪನಿಯ ಹೆಸರಿನ ಜೊತೆ ‘ಕಸ್ಟಮರ್ ಕೇರ್ ನಂಬರ್’ ಎಂದು ಸರ್ಚ್ ಮಾಡಿ, ಮೊದಲು ಕಂಡ ನಂಬರಿಗೆ ಫೋನ್ ಹಚ್ಚಿದರು. ಆ ಕಡೆಯವನು ಬಹಳ ಮರ್ಯಾದೆಯಿಂದಲೇ ಮಾತಾಡಿದನಂತೆ. ದೂರು ದಾಖಲಿಸಲು ಐದು ರೂಪಾಯಿ ಕಳಿಸಿ ಎಂದ. ಆಮೇಲೆ ‘ಒಂದು ಆ್ಯಪ್ ಹಾಕಿಕೊಳ್ಳಿ ಮೇಡಂ, ನಾನೇ ಎಲ್ಲ ಮಾಡಿಕೊಡುತ್ತೇನೆ’ ಎಂದ. ಅದು ಫೋನಿನ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವ ಆ್ಯಪ್. ಒಟಿಪಿ ಅವನಿಗೂ ಕಾಣುತ್ತಿತ್ತು. ದೀಪಾವಳಿಗೆ ಹೊಲಿದುಕೊಟ್ಟ ಬಟ್ಟೆಗಳ ದುಡ್ಡೆಲ್ಲ ಹತ್ತು ನಿಮಿಷದಲ್ಲಿ ಖಾಲಿ.

ಆ ಅಕ್ಕನನ್ನು ‘ಅಷ್ಟೂ ಗೊತ್ತಾಗಲ್ವಾ’ ಎಂದು ಬೈದವರೇ ಹೆಚ್ಚು. ಆದರೆ ಅವರ ತಪ್ಪೇನಿತ್ತು ಹೇಳಿ? ಅಸಲಿ ನಂಬರ್ ಕಂಪನಿಯ ಜಾಲತಾಣದಲ್ಲಿ ನಾಲ್ಕು ಪುಟ ದಾಟಿದ ಮೇಲೆ ಇರುತ್ತದೆ; ನಕಲಿ ನಂಬರ್ ಹುಡುಕಿದ ತಕ್ಷಣ ಕಣ್ಣಿಗೆ ಬೀಳುತ್ತದೆ. ಸರ್ಚ್‌ನಲ್ಲಿ ಮೇಲೆ ಬರುವ ಎಷ್ಟೋ ಫಲಿತಾಂಶಗಳು ಜಾಹೀರಾತು. ‘ಪ್ರಾಯೋಜಿತ’ ಎಂಬ ಪದ ಸಣ್ಣದಾಗಿ ಇರುತ್ತದೆ, ಅಷ್ಟೆ. ಮ್ಯಾಪ್‌ನಲ್ಲಿ ಅಂಗಡಿಯ ವಿವರಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಬ್ಯಾಂಕ್ ಶಾಖೆಗಳ ನಂಬರನ್ನೇ ವಂಚಕರು ಅಲ್ಲಿ ಬದಲಿಸಿದ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿವೆ. ಆದ್ದರಿಂದ ಸರ್ಚ್ ಎಂಬುದು ನಂಬರ್ ಹುಡುಕುವ ಮೊದಲ ಮೆಟ್ಟಿಲು ಮಾತ್ರ, ಕೊನೆಯದಲ್ಲ.

ಯಾರಿಗಾದರೂ ಹೀಗಾದರೆ ಬೈಯುವುದನ್ನು ಬಿಟ್ಟು ಮೊದಲು 1930ಕ್ಕೆ ಫೋನ್ ಮಾಡಿಸಿ. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೇವೋ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಅಂಗೈಯಲ್ಲೇ ಇರುವ ಬೆಣ್ಣೆ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎಂಬ ಗಾದೆ ನಮ್ಮ ಈ ಹುಡುಕಾಟಕ್ಕೆಂದೇ ಹುಟ್ಟಿದಂತಿದೆ. ಬಿಸ್ಕತ್ ಪೊಟ್ಟಣವಾಗಲಿ, ಸೋಪಾಗಲಿ, ಮಿಕ್ಸಿಯ ಡಬ್ಬವಾಗಲಿ, ಒಮ್ಮೆ ತಿರುಗಿಸಿ ನೋಡಿ. ಪೊಟ್ಟಣದ ಸರಕುಗಳ ಬಗ್ಗೆ 2011ರ ಕಾನೂನು ಮಾಪನ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಗ್ರಾಹಕರು ದೂರು ಹೇಳಲು ಯಾರನ್ನು ಸಂಪರ್ಕಿಸಬೇಕು ಎಂಬ ಹೆಸರು, ವಿಳಾಸ, ಫೋನ್ ನಂಬರನ್ನು ಪೊಟ್ಟಣದ ಮೇಲೇ ಮುದ್ರಿಸಬೇಕು. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಇರುತ್ತದೆ. ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ತಯಾರಕರು ಯಾರು, ಎಲ್ಲಿಯವರು ಎಂದು ತಿಳಿಯುತ್ತದೆ. ಬ್ಯಾಂಕಿನ ನಂಬರ್ ಬೇಕಾದರೆ ಎಟಿಎಂ ಕಾರ್ಡಿನ ಹಿಂಬದಿ ನೋಡಿ, ಇಲ್ಲವೇ ಪಾಸ್‌ಬುಕ್ ತೆರೆಯಿರಿ. ಪರವಾನಗಿ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ನೋಡುವುದೊಂದನ್ನು ಬಿಟ್ಟರೆ ಇವುಗಳಲ್ಲಿ ಯಾವುದಕ್ಕೂ ಇಂಟರ್ನೆಟ್ ಪ್ಯಾಕ್ ಕೂಡ ಬೇಕಿಲ್ಲ.

ಆನ್‌ಲೈನ್ ಮಾರಾಟದ ಕಂಪನಿಗಳಿಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ, ಗ್ರಾಹಕ ಸೇವೆ ಮತ್ತು ಕುಂದುಕೊರತೆ ಅಧಿಕಾರಿಯ ಸಂಪರ್ಕ ವಿವರಗಳನ್ನು ಜಾಲತಾಣದಲ್ಲಿ ಎದ್ದು ಕಾಣುವಂತೆ ಹಾಕಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದೇವೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇಷ್ಟಾದರೂ ಕಂಪನಿ ಕೈಗೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಸರ್ಕಾರಿ ಕಚೇರಿಯದ್ದಾದರೆ ಇನ್ನೂ ಸುಲಭ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4ರ ಪ್ರಕಾರ ಪ್ರತಿ ಕಚೇರಿ ತನ್ನ ಅಧಿಕಾರಿ, ನೌಕರರ ಡೈರೆಕ್ಟರಿಯನ್ನು ಯಾರೂ ಅರ್ಜಿ ಹಾಕುವ ಮೊದಲೇ ಪ್ರಕಟಿಸಬೇಕು. ಜಿಲ್ಲಾಡಳಿತದ ಜಾಲತಾಣ ತೆರೆದು ನೋಡಿ, ಇಲಾಖಾವಾರು ನಂಬರುಗಳಿರುತ್ತವೆ. ಕೆಲವು ಹಳೆಯದಾಗಿರುತ್ತವೆ, ಅದು ಬೇರೆ ಮಾತು.

ನಂಬರ್ ಸಿಕ್ಕಮೇಲೆ ಅದನ್ನು ಓದಲೂ ಕಲಿಯಬೇಕು. 1800ರಿಂದ ಶುರುವಾದರೆ ಕರೆ ಉಚಿತ. 1860 ಎಂದಿದ್ದರೆ ಉಚಿತವಲ್ಲ, ದರ ನಮ್ಮದೇ. ಅನೇಕರು ಎರಡನ್ನೂ ಒಂದೇ ಎಂದುಕೊಂಡು ಅರ್ಧ ಗಂಟೆ ಸಂಗೀತ ಕೇಳುತ್ತ ಕಾಯುತ್ತಾರೆ. 080 ಬೆಂಗಳೂರು, 0821 ಮೈಸೂರು, 0824 ಮಂಗಳೂರು, 0831 ಬೆಳಗಾವಿ, 0836 ಹುಬ್ಬಳ್ಳಿ-ಧಾರವಾಡ, 08192 ನಮ್ಮ ದಾವಣಗೆರೆ. ಕಂಪನಿಯ ವಿಳಾಸ ಹುಬ್ಬಳ್ಳಿ, ನಂಬರಿನ ಕೋಡ್ ಇನ್ನೆಲ್ಲಿಯದೋ ಆಗಿದ್ದರೆ ಒಂದು ಕ್ಷಣ ನಿಲ್ಲಿ. ಹಾಗೆಂದು 080 ಇದ್ದ ಮಾತ್ರಕ್ಕೆ ಬೆಂಗಳೂರಿನ ಮೇಜೊಂದರ ಮೇಲೆ ಫೋನ್ ಇದೆ ಎಂದೂ ಅಲ್ಲ. ಈಗ ಇಂಟರ್ನೆಟ್ ಮೂಲಕವೂ ಅಂಥ ನಂಬರ್ ಪಡೆಯಬಹುದು. ಆದ್ದರಿಂದ ಎರಡು ಬೇರೆ ಬೇರೆ ಕಡೆ ಒಂದೇ ನಂಬರ್ ಕಂಡರೆ ಮಾತ್ರ ನಂಬಿ. ಪ್ರಯೋಗಾಲಯದಲ್ಲಿ ಒಂದೇ ರೀಡಿಂಗ್ ತೆಗೆದುಕೊಂಡು ಬಂದರೆ ನಮ್ಮ ಮೇಷ್ಟ್ರು ರೆಕಾರ್ಡ್‌ಗೆ ಸಹಿ ಹಾಕುವುದಿಲ್ಲ. ಇದೂ ಹಾಗೆಯೇ.

ಕಂಪನಿಗೂ ಜಾತಕ ಇದೆ

ಈಗ ಕೆಲಸ ಹುಡುಕುವವರ ವಿಷಯಕ್ಕೆ ಬರೋಣ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 12 ಎಷ್ಟು ಜನರಿಗೆ ಗೊತ್ತು? ನೋಂದಾಯಿತ ಕಂಪನಿ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿಐಎನ್ ಸಂಖ್ಯೆ, ಫೋನ್ ನಂಬರುಗಳನ್ನು ತನ್ನ ವ್ಯವಹಾರದ ಪತ್ರ, ಬಿಲ್ಲು, ಲೆಟರ್‌ಹೆಡ್‌ಗಳ ಮೇಲೆ ಮುದ್ರಿಸಲೇಬೇಕು ಎನ್ನುತ್ತದೆ ಅದು. ಅಂದರೆ ನಿಮಗೊಂದು ‘ಆಫರ್ ಲೆಟರ್’ ಬಂದು, ಅದರಲ್ಲಿ ಒಂದು ಮೊಬೈಲ್ ನಂಬರ್ ಮತ್ತು ಜಿಮೇಲ್ ವಿಳಾಸ ಬಿಟ್ಟು ಬೇರೇನೂ ಇಲ್ಲದಿದ್ದರೆ, ‘ಭದ್ರತಾ ಠೇವಣಿ’ ಕಟ್ಟುವ ಮೊದಲು ನಾಲ್ಕು ಸಲ ಯೋಚಿಸಿ.

ಸಿಐಎನ್ ಎಂದರೆ ಕಂಪನಿಯ ಜಾತಕ ಇದ್ದ ಹಾಗೆ. ಒಟ್ಟು 21 ಅಕ್ಷರ-ಅಂಕಿಗಳು. ಮೊದಲ ಅಕ್ಷರ ಷೇರುಪೇಟೆಯಲ್ಲಿ ಪಟ್ಟಿಯಾಗಿದೆಯೇ ಇಲ್ಲವೇ ಎಂದು ಹೇಳುತ್ತದೆ: ‘ಎಲ್’ ಇದ್ದರೆ ಹೌದು, ‘ಯು’ ಇದ್ದರೆ ಇಲ್ಲ. ನಂತರದ ಐದು ಅಂಕಿ ಉದ್ಯಮದ ಬಗೆ, ಆಮೇಲೆ ರಾಜ್ಯದ ಎರಡಕ್ಷರ (ನಮ್ಮದು ‘ಕೆಎ’), ನಂತರ ಹುಟ್ಟಿದ ವರ್ಷ, ಕಂಪನಿಯ ಬಗೆ, ಕೊನೆಗೆ ನೋಂದಣಿ ಸಂಖ್ಯೆ. ‘ಇಪ್ಪತ್ತು ವರ್ಷಗಳ ಅನುಭವ’ ಎಂದು ಕೊಚ್ಚಿಕೊಳ್ಳುವ ಕಂಪನಿಯ ಸಿಐಎನ್‌ನಲ್ಲಿ ಕಳೆದ ವರ್ಷದ ಇಸವಿ ಇದ್ದರೆ ಪ್ರಶ್ನೆ ಕೇಳಲು ಅಷ್ಟು ಸಾಕು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಮೂಲ ವಿವರಗಳನ್ನು ನೋಡಬಹುದು. ಸಣ್ಣ ಸಂಸ್ಥೆಯಾಗಿ ಸಿಐಎನ್ ಇಲ್ಲದಿದ್ದರೆ ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕದ್ದು 29. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿದರೆ ಸಂಸ್ಥೆಯ ಅಸಲಿ ಹೆಸರು, ವ್ಯಾಪಾರದ ಸ್ಥಳ ಕಾಣುತ್ತದೆ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅದರ ವಾರ್ಷಿಕ ವರದಿ ಇಳಿಸಿಕೊಳ್ಳಿ. ಇನ್ನೂರು ಪುಟ ಕಂಡು ಹೆದರಬೇಡಿ. ಕಾರ್ಪೊರೇಟ್ ಆಡಳಿತದ ಭಾಗದಲ್ಲಿ ಕಾರ್ಖಾನೆಗಳು ಎಲ್ಲೆಲ್ಲಿವೆ, ಪತ್ರ ವ್ಯವಹಾರದ ವಿಳಾಸ ಯಾವುದು ಎಂಬ ಪಟ್ಟಿ ಇರುತ್ತದೆ. ಮುಂಬೈಯ ಕೇಂದ್ರ ಕಚೇರಿಗೆ ಮೇಲ್ ಹಾಕಿ ಕಾಯುವುದಕ್ಕಿಂತ ನಮ್ಮದೇ ಜಿಲ್ಲೆಯ ಪಕ್ಕದಲ್ಲಿರುವ ಘಟಕದ ಗೇಟಿಗೆ ಹೋಗಿ ಕೇಳುವುದು ಲೇಸು. ಸಿವಿಲ್ ಗೆಳೆಯರಿಗೆ ಕರ್ನಾಟಕ ರೇರಾ ಜಾಲತಾಣವಿದೆ. ನೋಂದಾಯಿತ ವಸತಿ ಯೋಜನೆಯ ಪುಟದಲ್ಲಿ ನಿರ್ಮಾಣ ಸಂಸ್ಥೆ, ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್‌ಗಳ ವಿವರಗಳಿರುತ್ತವೆ.

ಸಣ್ಣ ಕಾರ್ಖಾನೆಗಳಿಗೆ ಇನ್ನೊಂದು ದಾರಿ, ಉದ್ಯಮಿಗಳ ಸಂಘಗಳು. ಪೀಣ್ಯ ಕೈಗಾರಿಕಾ ಸಂಘ, ಬೊಮ್ಮಸಂದ್ರ ಕೈಗಾರಿಕಾ ಸಂಘ, ಕಾಸಿಯಾ, ಎಫ್‌ಕೆಸಿಸಿಐ, ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಮಂಗಳೂರಿನ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಹೀಗೆ ಎಲ್ಲ ಕಡೆ ಇವೆ. ಯಾರು ಏನು ತಯಾರಿಸುತ್ತಾರೆ ಎಂಬುದು ಸಂಘದ ಕಚೇರಿಗೆ ಗೊತ್ತಿರುತ್ತದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್‌ನಂಥ ಯಂತ್ರೋಪಕರಣ ಮೇಳಗಳಲ್ಲಿ ಯಾರು ಮಳಿಗೆ ಹಾಕುತ್ತಾರೆ ಎಂಬ ಪಟ್ಟಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಡೈರೆಕ್ಟರಿ ಯಾವುದಿದೆ?

ನಮ್ಮ ಲೆಕ್ಕ

ಹೇಳುವುದು ಸುಲಭ ಎನ್ನಬಹುದು. ಆದ್ದರಿಂದ ಮಾಡಿದ್ದನ್ನೇ ಹೇಳುತ್ತೇನೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಮತ್ತು ಇಬ್ಬರು ಗೆಳೆಯರು ಕಾಲೇಜಿನ ಲೈಬ್ರರಿಯಲ್ಲಿ ಮೂರು ಸಂಜೆ ಕೂತು ಹೀಗೆ 40 ಕಾರ್ಖಾನೆಗಳ ಪಟ್ಟಿ ಮಾಡಿದೆವು. ಹೆಸರು, ಏನು ಮಾಡುತ್ತಾರೆ, ನಂಬರ್ ಎಲ್ಲಿ ಸಿಕ್ಕಿತು, ಇನ್ನೆಲ್ಲಿ ತಾಳೆ ನೋಡಿದೆವು, ಫೋನ್ ಮಾಡಿದ ದಿನಾಂಕ, ಏನಂದರು ಎಂದು ಆರು ಕಾಲಂ. ಖರ್ಚು, ಮೂರು ಸಂಜೆಯ ಟೀ. 40ರಲ್ಲಿ ಒಂಬತ್ತು ನಂಬರ್ ಚಾಲ್ತಿಯಲ್ಲಿರಲಿಲ್ಲ. ಹೆಚ್ಚಿನವರು ‘ಈಗ ಬೇಡಪ್ಪ’ ಎಂದರು. ಏಳು ಕಡೆ ಮೇಲ್ ಹಾಕಲು ಹೇಳಿದರು. ಮೂರು ಕಡೆ ‘ಬಂದು ನೋಡಿ’ ಎಂದರು. ಅದರಲ್ಲಿ ಒಂದು ಗೇರ್ ತಯಾರಿಸುವ ಘಟಕ ನಮ್ಮಿಬ್ಬರನ್ನು ನಾಲ್ಕು ವಾರ ಸೇರಿಸಿಕೊಂಡಿತು. ಸ್ಟೈಪೆಂಡ್ ಇಲ್ಲ, ಮಧ್ಯಾಹ್ನದ ಊಟ ಇತ್ತು. ಹಾಬಿಂಗ್ ಯಂತ್ರದ ಮುಂದೆ ನಿಂತು ಕಲಿತದ್ದು ಇತ್ತು.

ಇನ್ನೊಬ್ಬ ಸಹಪಾಠಿ 199 ಕೊಟ್ಟು ಪಿಡಿಎಫ್ ತರಿಸಿದ್ದ. ಅವನು ಮೊದಲು ಹಚ್ಚಿದ ಫೋನ್ ಎತ್ತಿದ ಮೇಡಂ, ಕೆಲಸ ಬಿಟ್ಟು ಎರಡು ವರ್ಷವಾಯಿತು, ಮಗು ಮಲಗಿದೆ, ದಿನಕ್ಕೆ ನಿಮ್ಮಂಥವರ ಹತ್ತು ಫೋನ್ ಬರುತ್ತದೆ ಎಂದು ಅಳುವುದೊಂದೇ ಬಾಕಿ. ಈ ಪಟ್ಟಿ ದಂಧೆಯ ಅಸಲಿ ಕೊಳಕು ಇಲ್ಲಿದೆ. ಕಂಪನಿಯ ನಂಬರ್ ಸಾರ್ವಜನಿಕ, ಆದರೆ ಕಂಪನಿಯಲ್ಲಿ ದುಡಿಯುವವರ ಸ್ವಂತ ಮೊಬೈಲ್ ನಂಬರ್ ಅವರದ್ದು. 2023ರಲ್ಲಿ ಸಂಸತ್ತು ವೈಯಕ್ತಿಕ ಡೇಟಾ ರಕ್ಷಣೆಗೆಂದೇ ಕಾಯ್ದೆ ಮಾಡಿತು. ನಮ್ಮ ನಂಬರ್ ಯಾರೋ ಮಾರಿದರೆಂದು ಸಾಲದ ಕರೆ ಬಂದಾಗಲೆಲ್ಲ ಬೈಯುವ ನಾವೇ, ಇನ್ನೊಬ್ಬರ ನಂಬರ್ ಕೊಂಡರೆ ಹೇಗೆ? ಕದ್ದ ಮಾಲು ಅಗ್ಗವಾಗಿಯೇ ಇರುತ್ತದೆ.

‘199 ಏನು ಮಹಾ?’

ಇದಕ್ಕೆ ಬರುವ ಉತ್ತರ ಗೊತ್ತಿದೆ. ಒಂದು ಪಿಜ್ಜಾದಷ್ಟೂ ಬೆಲೆಯಿಲ್ಲ, ಮೂರು ಸಂಜೆ ಉಳಿಯುತ್ತದಲ್ಲ ಎನ್ನುತ್ತಾರೆ. ಎಲ್ಲರಿಗೂ ಪಿಜ್ಜಾದ ಲೆಕ್ಕ ಹೊಂದುವುದಿಲ್ಲ. ನನ್ನ ರೂಂಮೇಟ್‌ಗೆ 199 ಎಂದರೆ ಊರಿಗೆ ಹೋಗಿಬರುವ ಬಸ್ ಚಾರ್ಜು. ಅದಿರಲಿ, ದುಡ್ಡಿದ್ದವರಿಗೂ ಈ ವ್ಯಾಪಾರದಲ್ಲಿ ಲಾಭವಿಲ್ಲ. ನಂಬರ್ ಹುಡುಕುವಾಗಲೇ ಆ ಕಂಪನಿ ಏನು ಮಾಡುತ್ತದೆ, ಎಲ್ಲಿದೆ, ನಮ್ಮ ಓದಿಗೂ ಅದಕ್ಕೂ ಏನು ಸಂಬಂಧ ಎಂದು ತಿಳಿಯುವುದು. ಪಿಡಿಎಫ್ ಕೊಂಡವನಿಗೆ ಆ ಕಡೆಯವರು ‘ನಮ್ಮಲ್ಲಿ ಏನು ಕೆಲಸ ನಡೆಯುತ್ತೆ ಗೊತ್ತಾ’ ಎಂದು ಕೇಳಿದರೆ ಉತ್ತರ ಇರುವುದಿಲ್ಲ. 500 ನಂಬರ್ ಇರುತ್ತದೆ, ಮಾತೇ ಇರುವುದಿಲ್ಲ.

ಇನ್ನು ಕಂಪನಿಗಳ ವಾದ. ನಂಬರನ್ನು ಬಹಿರಂಗವಾಗಿ ಹಾಕಿದರೆ ಬೇಡದ ಕರೆಗಳು ಬಂದು ಕೆಲಸವೇ ಸಾಗುವುದಿಲ್ಲ, ಅದಕ್ಕೇ ಅರ್ಜಿ ನಮೂನೆ ಇಟ್ಟಿದ್ದೇವೆ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ನ್ಯಾಯ ಇದೆ. ಹತ್ತು ಜನರ ವರ್ಕ್‌ಶಾಪಿನಲ್ಲಿ ಮಾಲೀಕರೇ ಫೋನ್ ಎತ್ತಬೇಕು, ಅವರೇ ಲೇತ್ ನೋಡಬೇಕು. ಅವರ ಸಮಯಕ್ಕೆ ನಾವು ಮರ್ಯಾದೆ ಕೊಡಬೇಕು. ಆದರೆ ಸಾವಿರಾರು ಜನ ದುಡಿಯುವ ದೊಡ್ಡ ಕಂಪನಿಗಳು ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟದಲ್ಲಿ ಒಂದು ಖಾಲಿ ಚೌಕ ಇಟ್ಟು, ಅದರಲ್ಲಿ ಬರೆದದ್ದು ಯಾವ ಬಾವಿಗೆ ಬಿತ್ತು ಎಂದೇ ಗೊತ್ತಾಗದಂತೆ ಮಾಡಿರುವುದಕ್ಕೆ ಸಮರ್ಥನೆ ಇಲ್ಲ. ಅಸಲಿ ನಂಬರ್ ಬಚ್ಚಿಟ್ಟಷ್ಟೂ ನಕಲಿ ನಂಬರಿನವನಿಗೆ ಹಬ್ಬ. ಸರಕು ಮಾರುವಾಗ ಪ್ರತಿ ಗೋಡೆಯ ಮೇಲೂ ಕಾಣುವವರು ದೂರು ಕೇಳುವಾಗ ಮಾತ್ರ ಮಾಯವಾಗುವುದು ಯಾವ ನ್ಯಾಯ?

ಬಾಯಿ ಇರಬೇಕು

ನಂಬರ್ ಸಿಕ್ಕರೂ ಫೋನ್ ಮಾಡಲು ಹೆದರುವ ತಲೆಮಾರು ನಮ್ಮದು. ದಿನಕ್ಕೆ ನೂರು ಮೆಸೇಜು ಹಾಕುವವರಿಗೆ ಅಪರಿಚಿತರಿಗೆ ಒಂದು ಕರೆ ಮಾಡು ಎಂದರೆ ಅಂಗೈ ಬೆವರುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂಬ ಭಯ ಬೇರೆ. ಆದರೆ ನಾವು ಫೋನ್ ಮಾಡಿದ ಕಾರ್ಖಾನೆಗಳಲ್ಲಿ ಮುಕ್ಕಾಲು ಕಡೆ ಕನ್ನಡದಲ್ಲೇ ಮಾತಾಯಿತು. ‘ನಮಸ್ಕಾರ ಸರ್, ನಾನು ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದೇನೆ. ನಿಮ್ಮಲ್ಲಿ ಗೇರ್ ಕಟಿಂಗ್ ನಡೆಯುತ್ತದೆ ಎಂದು ಸಂಘದ ಪಟ್ಟಿಯಲ್ಲಿ ನೋಡಿದೆ. ನಾಲ್ಕು ವಾರ ಕಲಿಯಲು ಅವಕಾಶ ಇದೆಯೇ? ಯಾರ ಹತ್ತಿರ ಮಾತಾಡಬೇಕು?’ ಇಷ್ಟು ಸಾಕು. ನಂಬರ್ ಎಲ್ಲಿ ಸಿಕ್ಕಿತು ಎಂದು ಮೊದಲೇ ಹೇಳಿಬಿಟ್ಟರೆ ಎದುರಿನವರ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಬೆಳಿಗ್ಗೆ ಕೆಲಸ ಶುರುವಾಗುವ ಗಡಿಬಿಡಿಯಲ್ಲಿ ಮಾಡಬೇಡಿ, ಊಟದ ಹೊತ್ತಿಗೂ ಬೇಡ. ಬೇಡ ಎಂದರೆ ಥ್ಯಾಂಕ್ಸ್ ಹೇಳಿ ಇಡಿ, ಮತ್ತೆ ಮತ್ತೆ ಕಾಡಬೇಡಿ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಯಾರು ಏನು ಮಾಡಬೇಕು?

ಎಲ್ಲವನ್ನೂ ವಿದ್ಯಾರ್ಥಿಗಳ ತಲೆಗೇ ಕಟ್ಟುವುದೂ ಸರಿಯಲ್ಲ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌ಗಳು ವರ್ಷಕ್ಕೊಮ್ಮೆ ಸುತ್ತಮುತ್ತಲ ಕೈಗಾರಿಕೆಗಳ ಪರಿಶೀಲಿಸಿದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಒಂದು ಬ್ಯಾಚಿನವರು ಹುಡುಕಿದ್ದು ಮುಂದಿನ ಬ್ಯಾಚಿಗೆ ಸಿಗಲಿ. ನಮ್ಮ 40 ಹೆಸರಿನ ಪಟ್ಟಿಯನ್ನು ನಾವು ವಿಭಾಗದ ಲೈಬ್ರರಿಗೆ ಕೊಟ್ಟಿದ್ದೇವೆ. ಜೂನಿಯರ್‌ಗಳು ಅದಕ್ಕೆ ಇನ್ನೂ ಹದಿನೆಂಟು ಸೇರಿಸಿದ್ದಾರೆ, ಸತ್ತ ನಂಬರುಗಳನ್ನು ಹೊಡೆದುಹಾಕಿದ್ದಾರೆ.

ಕೈಗಾರಿಕಾ ಪ್ರದೇಶಗಳ ಮುಖ್ಯದ್ವಾರದಲ್ಲಿ ಯಾವ ಶೆಡ್‌ನಲ್ಲಿ ಯಾವ ಕಾರ್ಖಾನೆ, ಕಚೇರಿಯ ನಂಬರ್ ಏನು ಎಂಬ ಫಲಕ ಇರಲಿ. ಸರ್ಕಾರ ಮಾಡಿದ ನಿಯಮಗಳು ಈಗಾಗಲೇ ಇವೆ. ಆ ನಂಬರ್ ನಿಜಕ್ಕೂ ಚಾಲ್ತಿಯಲ್ಲಿದೆಯೇ ಎಂದು ಯಾರಾದರೂ ಒಮ್ಮೆ ಫೋನ್ ಮಾಡಿ ನೋಡುವ ಪದ್ಧತಿ ಬರಬೇಕು. ಗ್ರಾಹಕ ಸೇವೆಯ ಫೋನಿನಲ್ಲಿ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂದು ಹೇಳಿ, ಒತ್ತಿದ ಮೇಲೆ ಹಿಂದಿಯಲ್ಲಿ ಮಾತಾಡುವ ಆಟವೂ ನಿಲ್ಲಬೇಕು. ಎತ್ತಿದವರಿಗೆ ನಮ್ಮ ಮಾತು ತಿಳಿಯದಿದ್ದರೆ ಆ ನಂಬರ್ ಇದ್ದೂ ಇಲ್ಲದ ಹಾಗೆ.

ಕೆಲಸ ಕೊಡಿಸುವುದು ಪರಿಚಯ ಎನ್ನುತ್ತಾರೆ. ಅಪ್ಪನ ಗೆಳೆಯ, ಮಾವನ ಸಹೋದ್ಯೋಗಿ, ಸೀನಿಯರ್ ಅಣ್ಣ ಎಂದು ಕೆಲವರಿಗೆ ಮನೆಯಲ್ಲೇ ಡೈರೆಕ್ಟರಿ ಇರುತ್ತದೆ. ಅದಿಲ್ಲದವರಿಗೆ ಇರುವ ಸಮಾನ ಅವಕಾಶ ಎಂದರೆ ಎಲ್ಲರಿಗೂ ಕಾಣುವ ಜಾಗದಲ್ಲಿರುವ ಒಂದು ಸರಿಯಾದ ಫೋನ್ ನಂಬರ್. ಅದನ್ನು ಯಾರೂ ಬಚ್ಚಿಡಬಾರದು, ಯಾರೂ ಮಾರಬಾರದು. ಈ ವಾರ ಬಿಡುವಿದ್ದಾಗ ನಿಮ್ಮ ಊರಿನ ಐದು ಕಾರ್ಖಾನೆಗಳ ನಂಬರನ್ನು ದುಡ್ಡು ಕೊಡದೆ ಹುಡುಕಿ, ಎರಡು ಕಡೆ ತಾಳೆ ನೋಡಿ, ಒಂದಕ್ಕೆ ಫೋನ್ ಹಚ್ಚಿ. ಉಳಿದ ನಾಲ್ಕನ್ನು ಪಕ್ಕದ ಬೆಂಚಿನವರಿಗೆ ಕೊಡಿ.